ಬಿಪಿ 100 ಇರುವವರಿಗೆ ಇಷ್ಟೊಂದು ಬಿಪಿ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ, ಮಂಗಳೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ಹೃದಯವೇ ನಿಂತಿತ್ತು. ಸಿಪಿಆರ್ ಮಾಡಿ, ಶಾಕ್ ಕೊಟ್ಟು ಬದುಕಿಸಿದರು, ಸ್ಟೆಂಟ್ ಹಾಕಿದರು. ಆಗ ಪಂಪಿಂಗ್ (ಒಂದೊಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) 30 ಇತ್ತು, ಈಗಿನ ಎಕೋದಲ್ಲಿ 42 ಬಂದಿದೆ. ಬಿಪಿ ಯಾವಾಗಲೂ 100ರ ಆಸುಪಾಸು. ಚೀಟಿಯಲ್ಲಿರುವುದು ಹೆಚ್ಚಿನವು ಬಿಪಿ ಮಾತ್ರೆ ಎಂದು ಮೆಡಿಕಲ್‌ನವರು ಹೇಳಿದರು. ಇಷ್ಟು ಕಡಿಮೆ ಬಿಪಿಗೆ ಇವು ಬೇಕೇ? ಪಂಪಿಂಗ್ ಹೆಚ್ಚಿದ ಮೇಲಾದರೂ ನಿಲ್ಲಿಸಬಹುದೇ? (ಬ್ರಹ್ಮಾವರದ ಓದುಗರೊಬ್ಬರು)

ಬೇಕು. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಅವು ಬಿಪಿ ಇಳಿಸುವುದು ನಿಜ, ಆದರೆ ನಿಮ್ಮ ತಂದೆಯವರಿಗೆ ಕೊಟ್ಟಿರುವುದು ಬಿಪಿಗಾಗಿ ಅಲ್ಲ, ಹೃದಯದ ಸ್ನಾಯುವಿಗಾಗಿ.

ನಿಂತ ಹೃದಯ ಮತ್ತೆ ಬಡಿಯತೊಡಗಿದಾಗ ಅದರ ಸ್ನಾಯು ಮರಗಟ್ಟಿದಂತಿರುತ್ತದೆ. ರಕ್ತವಿಲ್ಲದೆ ಕಳೆದ ನಿಮಿಷಗಳು, ಆಮೇಲೆ ಒಮ್ಮೆಲೇ ನುಗ್ಗಿದ ರಕ್ತ, ಸಿಪಿಆರ್ ವೇಳೆ ಕೊಟ್ಟ ಅಡ್ರಿನಲಿನ್, ಎಲ್ಲ ಸೇರಿ ಪಂಪಿಂಗ್ ಕುಸಿಯುತ್ತದೆ. ಈ ಮರಗಟ್ಟುವಿಕೆ ಸಾಮಾನ್ಯವಾಗಿ 48ರಿಂದ 72 ಗಂಟೆಗಳಲ್ಲಿ ಬಿಡತೊಡಗುತ್ತದೆ. ಅಟ್ಯಾಕ್‌ನಲ್ಲಿ ಸತ್ತ ಭಾಗ ಮಾತ್ರ ಮರಳುವುದಿಲ್ಲ, ಅಲ್ಲಿ ಗಾಯದ ಕಲೆ ಕೂರುತ್ತದೆ. ಐಸಿಯುನಲ್ಲಿ ನಾರ್‌ಅಡ್ರಿನಲಿನ್ ಡ್ರಿಪ್ ಹಾಕಿ ಸರಾಸರಿ ರಕ್ತದೊತ್ತಡ 65ಕ್ಕಿಂತ ಕೆಳಗೆ ಹೋಗದಂತೆ ಹಿಡಿಯುತ್ತಾರೆ, ಬೇಕಾದರೆ ಬಡಿತದ ಬಲ ಹೆಚ್ಚಿಸುವ ಡೊಬುಟಮಿನ್ ಸೇರಿಸುತ್ತಾರೆ. ಇವು ಸ್ನಾಯುವನ್ನು ಗುಣಪಡಿಸುವುದಿಲ್ಲ, ಚೇತರಿಸಿಕೊಳ್ಳಲು ಸಮಯ ಗಳಿಸಿಕೊಡುತ್ತವೆ. ಹಾರ್ಟ್ ಉಳಿಸುವ ದುಬಾರಿ ಇಂಜೆಕ್ಷನ್ ಒಂದಿದೆಯಂತೆ ಎಂದು ಐಸಿಯು ಹೊರಗೆ ಕಾಯುವವರು ಕೇಳುವುದುಂಟು. ಹಾಗೆ ಸಾಬೀತಾದ ಇಂಜೆಕ್ಷನ್ ಇಲ್ಲ. ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯುವುದೇ ಆ ಹೊತ್ತಿನ ದೊಡ್ಡ ರಕ್ಷಣೆ. ಮಾತ್ರೆಗಳ ಸರದಿ ಬರುವುದು ಡ್ರಿಪ್ ಬಿಟ್ಟು ಬಿಪಿ ತಾನಾಗಿ ನಿಂತ ಮೇಲೆ. ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿಯಲ್ಲಿ (ಇದನ್ನೂ ಶಾಕ್ ಎನ್ನುತ್ತಾರೆ) ಬೀಟಾ ಬ್ಲಾಕರ್, ಅಂದರೆ ಅಡ್ರಿನಲಿನ್ ತಡೆದು ಹೃದಯದ ಬಡಿತ ನಿಧಾನಿಸುವ ಮಾತ್ರೆ, ಕೊಟ್ಟರೆ ಪ್ರಾಣಕ್ಕೇ ಅಪಾಯ.

ನಿಧಾನದ ಹಾನಿ ಶುರುವಾಗುವುದು ಮನೆಗೆ ಬಂದ ಮೇಲೆ. ಪಂಪಿಂಗ್ ಕಡಿಮೆಯಾದಾಗ ಕಿಡ್ನಿಗೆ ರಕ್ತ ಸಾಲುವುದಿಲ್ಲ. ಮೈಯಲ್ಲಿ ನೀರು ಬತ್ತಿದೆ ಎಂಬಂತೆ ಅದು ಉಪ್ಪು, ನೀರು ಹಿಡಿದಿಡುವ ಮತ್ತು ರಕ್ತನಾಳ ಬಿಗಿಯುವ ಹಾರ್ಮೋನುಗಳನ್ನು ಎಬ್ಬಿಸುತ್ತದೆ. ಜೊತೆಗೆ ಅಡ್ರಿನಲಿನ್ ಏರುತ್ತದೆ. ಬಳಲಿದ ಕೋಣಕ್ಕೆ ಬೆತ್ತದ ಏಟು ಕೊಟ್ಟು ಗದ್ದೆ ಉತ್ತ ಹಾಗೆ: ಇವತ್ತಿನ ಕೆಲಸ ನಡೆಯುತ್ತದೆ, ಆದರೆ ತಿಂಗಳುಗಳಲ್ಲಿ ಹೃದಯ ಹಿಗ್ಗಿ ಇನ್ನಷ್ಟು ಸೋಲುತ್ತದೆ. ಈ ಏಟನ್ನು ತಡೆಯಲೆಂದೇ ನಾಲ್ಕು ಗುಂಪಿನ ಮಾತ್ರೆಗಳಿವೆ.

ಮೊದಲನೆಯದು ಬೀಟಾ ಬ್ಲಾಕರ್. ಮೆಟೊಪ್ರೊಲಾಲ್ ಸಕ್ಸಿನೇಟ್ ಆದರೆ ದಿನಕ್ಕೆ 12.5 ಅಥವಾ 25 ಮಿ.ಗ್ರಾಂನಿಂದ ಆರಂಭ, ಎರಡು ವಾರಕ್ಕೊಮ್ಮೆ ಏರಿಸುತ್ತ 200ರ ಗುರಿ. ಸ್ಟ್ರಿಪ್ ಮೇಲೆ ಸಕ್ಸಿನೇಟ್ ಎಂದೇ ಇದೆಯೇ ನೋಡಿಕೊಳ್ಳಿ. ಟಾರ್ಟ್ರೇಟ್ ಬೇರೆ ಲವಣ, 1999ರ ಮೆರಿಟ್-ಎಚ್‌ಎಫ್ ಅಧ್ಯಯನದಲ್ಲಿ ಜೀವ ಉಳಿಸಿದ್ದು ಸಕ್ಸಿನೇಟ್. ಅದನ್ನು ಪುಡಿ ಮಾಡಿ ಕೊಡಬಾರದು, ನಡುವಿನ ಗೆರೆಯಲ್ಲಿ ಮುರಿಯಬಹುದು. ಎರಡನೆಯದು ರಾಮಿಪ್ರಿಲ್‌ನಂಥದ್ದು ಅಥವಾ ಸಕ್ಯುಬಿಟ್ರಿಲ್-ವಲ್ಸಾರ್ಟನ್. ರಾಮಿಪ್ರಿಲ್‌ನಿಂದ ಸಕ್ಯುಬಿಟ್ರಿಲ್-ವಲ್ಸಾರ್ಟನ್‌ಗೆ ಬದಲಿಸುವಾಗ ನಡುವೆ 36 ಗಂಟೆ ಬಿಡಲೇಬೇಕು, ಇಲ್ಲದಿದ್ದರೆ ತುಟಿ, ನಾಲಿಗೆ, ಗಂಟಲು ಊದಿ ಉಸಿರು ಕಟ್ಟುವ ಅಪಾಯ. ಮನೆಯಲ್ಲಿ ಉಳಿದ ಹಳೆಯ ರಾಮಿಪ್ರಿಲ್ ಸ್ಟ್ರಿಪ್ಪನ್ನು ಅದಕ್ಕೇ ಬೇರೆ ತೆಗೆದಿಡಿ. ಮೂರನೆಯದು ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲರಿನೋನ್, ಸಾಮಾನ್ಯವಾಗಿ 25 ಮಿ.ಗ್ರಾಂ. ನಾಲ್ಕನೆಯದು ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ. ಇದು ಶುಗರ್ ಮಾತ್ರೆ ಎಂದು ಗಾಬರಿಯಾಗಬೇಡಿ. ಪಂಪಿಂಗ್ ಕಡಿಮೆ ಇರುವವರಿಗೆ ಶುಗರ್ ಇರಲಿ ಬಿಡಲಿ ಪ್ರಯೋಜನವಿದೆ ಎಂದು 2019ರಲ್ಲಿ ಡಾಪಾ-ಎಚ್‌ಎಫ್ ಅಧ್ಯಯನ ತೋರಿಸಿತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲೋರ್ ಸ್ಟೆಂಟ್‌ಗಾಗಿ. ಅವುಗಳಲ್ಲಿ ಒಂದು ಹೊತ್ತು ತಪ್ಪಿದರೂ ಸ್ಟೆಂಟ್ ಮುಚ್ಚುವ ಭಯವಿದೆ.

ಇನ್ನು ಆ 100ರ ಬಗ್ಗೆ. ತಲೆಸುತ್ತಿಲ್ಲ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದಿಲ್ಲ, ಮೂತ್ರ ಸರಿಯಾಗಿ ಹೋಗುತ್ತಿದೆ ಎಂದಾದರೆ ಈ ಹೃದಯಕ್ಕೆ 100 ಒಳ್ಳೆಯ ಬಿಪಿಯೇ. ಕೂತಾಗ ಒಮ್ಮೆ, ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆದು ಬರೆದಿಡಿ. ಬಿಪಿಯ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ಅಥವಾ ತಲೆ ತಿರುಗಿದರೆ ವೈದ್ಯರು ಮೊದಲು ಮುಟ್ಟುವುದು ಈ ನಾಲ್ಕನ್ನಲ್ಲ. ಹೃದಯಕ್ಕೆ ಉಪಕಾರವಿಲ್ಲದ ಆಮ್ಲೊಡಿಪಿನ್ ಹಳೆಯ ಚೀಟಿಯಿಂದ ಉಳಿದಿದ್ದರೆ ಅದನ್ನು ತೆಗೆಯುತ್ತಾರೆ, ಮೈಯಲ್ಲಿ ಬಾವಿಲ್ಲದಿದ್ದರೆ ಮೂತ್ರದ ಮಾತ್ರೆ ಕಡಿಮೆ ಮಾಡುತ್ತಾರೆ, ಒಂದೇ ಹೊತ್ತಿಗೆ ನುಂಗುವ ಮಾತ್ರೆಗಳನ್ನು ಬೆಳಿಗ್ಗೆ ರಾತ್ರಿ ಎಂದು ಹಂಚುತ್ತಾರೆ. ನಾಡಿ 50ಕ್ಕಿಂತ ಕೆಳಗಿದ್ದರೆ ಅದೇ ದಿನ ಫೋನ್ ಮಾಡಿ. ಬೀಟಾ ಬ್ಲಾಕರನ್ನು ಒಮ್ಮೆಲೇ ಬಿಟ್ಟರೆ, ಅಷ್ಟು ದಿನ ತಡೆದಿದ್ದ ಅಡ್ರಿನಲಿನ್ ಹೃದಯದ ಮೇಲೆ ಮುಗಿಬೀಳುತ್ತದೆ. ಒಮ್ಮೆ ನಿಂತ ಹೃದಯಕ್ಕೆ ಅದು ಬೇಡವೇ ಬೇಡ.

ಕರಾವಳಿಯಲ್ಲಿ ಹೆಚ್ಚು ಎಡವುವುದು ಬೊಂಡದಲ್ಲಿ (ಎಳನೀರು). ಕಾಯಿಲೆಯವರಿಗೆ ಒಳ್ಳೆಯದೆಂದು ದಿನಕ್ಕೆರಡು ಕೆತ್ತಿ ಕೊಡುತ್ತಾರೆ. ಒಂದು ಬೊಂಡದಲ್ಲಿ ಒಂದು ಬಾಳೆಹಣ್ಣಿನಷ್ಟೋ ಅದಕ್ಕಿಂತ ಹೆಚ್ಚೋ ಪೊಟ್ಯಾಸಿಯಂ ಇರುತ್ತದೆ. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಮ್ಮನ್ನು ಮೈಯಲ್ಲೇ ಉಳಿಸುತ್ತವೆ. ಅದು ವಿಪರೀತ ಏರಿದರೆ ಹೃದಯ ಮತ್ತೆ ನಿಲ್ಲಬಹುದು. ಸ್ಪೈರೊನೊಲ್ಯಾಕ್ಟೋನ್ ಶುರುವಾದ ಒಂದು ವಾರಕ್ಕೆ, ನಾಲ್ಕು ವಾರಕ್ಕೆ, ಆಮೇಲೆ ಮೂರ್ನಾಲ್ಕು ತಿಂಗಳಿಗೊಮ್ಮೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಪೊಟ್ಯಾಸಿಯಂ 5.5 ದಾಟಿದರೆ ಡೋಸ್ ಅರ್ಧವಾಗುತ್ತದೆ, 6 ದಾಟಿದರೆ ಮಾತ್ರೆ ನಿಲ್ಲುತ್ತದೆ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲೂ ಇರುವುದು ಪೊಟ್ಯಾಸಿಯಂ ಕ್ಲೋರೈಡ್, ಅದೂ ಬೇಡ. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ. ಗಂಜಿಯ ಜೊತೆಗಿನ ಒಣಮೀನು, ಮಿಡಿ ಉಪ್ಪಿನಕಾಯಿ, ಹಪ್ಪಳ ಹಿಡಿತದಲ್ಲಿದ್ದರೆ ಅರ್ಧ ಗೆದ್ದಂತೆ. ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು, ವೈದ್ಯರಿಗೆ ತಿಳಿಸಿ.

ಮಳೆಗಾಲದಲ್ಲಿ ವಾಂತಿ ಭೇದಿ ಹಿಡಿದು ಊಟ ನೀರು ಸೇರದಿದ್ದರೆ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ಮೂತ್ರದ ಮಾತ್ರೆ ಇವನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗುತ್ತದೆ, ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ಯಾವುದನ್ನು ಎಷ್ಟು ದಿನ ಎಂದು ಅವತ್ತೇ ಕೇಳಿ. ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಸಾಕು. ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ, ಸ್ಪೈರೊನೊಲ್ಯಾಕ್ಟೋನ್‌ನಿಂದ ಗಂಡಸರಿಗೆ ಎದೆ ಊದಿ ನೋವಾದರೆ ಬದಲಿ ಮಾತ್ರೆಗಳಿವೆ, ಸಂಕೋಚಪಟ್ಟು ಮುಚ್ಚಿಡಬೇಡಿ.

ನಿಮ್ಮ ಎರಡನೇ ಪ್ರಶ್ನೆ, ಪಂಪಿಂಗ್ 42 ಆದದ್ದು. ಅದನ್ನು 30ರಿಂದ ಎತ್ತುವುದರಲ್ಲಿ ಈ ಮಾತ್ರೆಗಳ ಪಾಲೂ ಇದೆ. ಬೇರೊಂದು ಬಗೆಯ ಸ್ನಾಯು ದೌರ್ಬಲ್ಯದಿಂದ ಪಂಪಿಂಗ್ ಪೂರ್ತಿ ಸರಿಹೋದವರಲ್ಲಿ ಮಾತ್ರೆ ನಿಲ್ಲಿಸಿ ನೋಡಿದ ಟ್ರೆಡ್-ಎಚ್‌ಎಫ್ ಎಂಬ ಅಧ್ಯಯನವಿದೆ. ನಿಲ್ಲಿಸಿದ 25 ಜನರಲ್ಲಿ 11 ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತು, ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ಗಾಯದ ಕಲೆ ಉಳಿದಿರುವ ನಿಮ್ಮ ತಂದೆಯವರ ಹೃದಯದಲ್ಲಿ ಆ ಪ್ರಯೋಗ ಮಾಡುವ ಧೈರ್ಯ ನಮಗಂತೂ ಇಲ್ಲ. ಚಿಕಿತ್ಸೆ ಸರಿಯಾಗಿ ನಡೆದ ಮೂರು ತಿಂಗಳ ನಂತರವೂ ಪಂಪಿಂಗ್ 35 ಅಥವಾ ಅದಕ್ಕಿಂತ ಕೆಳಗೇ ಇದ್ದಿದ್ದರೆ ಎದೆಯೊಳಗೆ ಐಸಿಡಿ, ಅಂದರೆ ಬಡಿತ ಅಪಾಯಕರವಾಗಿ ಹದಗೆಟ್ಟಾಗ ತಾನೇ ಶಾಕ್ ಕೊಡುವ ಪುಟ್ಟ ಯಂತ್ರ, ಇಡುವ ಮಾತು ಬರುತ್ತಿತ್ತು. ಅಟ್ಯಾಕ್‌ನ ಮೊದಲ ಗಂಟೆಗಳಲ್ಲೇ ನಿಂತ ಹೃದಯ ಈಗ 42ಕ್ಕೆ ಬಂದಿರುವಾಗ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ಖರ್ಚಿನ ಭಾರಕ್ಕೆ ನಿಲ್ಲಿಸುವ ಯೋಚನೆ ಬಂದಿದ್ದರೆ ಅದನ್ನೂ ವೈದ್ಯರ ಹತ್ತಿರ ಹೇಳಿ. ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಬೆಲೆ ತುಂಬ ಇಳಿದಿದೆ. ಔಷಧಿಯ ಮೂಲ ಹೆಸರು, ಮಿ.ಗ್ರಾಂ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ.