ಮಗುವಿನ ‘ಬೇಡ’ವನ್ನು ಕೇಳಿಸಿಕೊಳ್ಳುವ ಚಿಕಿತ್ಸೆ

ಮೇಜಿನ ಮುಂದೆ ಕೂರಲೊಲ್ಲದ ಮಗುವನ್ನು ಹೆಗಲು ಹಿಡಿದು ಕೂರಿಸುವುದು, ಅದರ ಕೈಯ ಮೇಲೆ ತಮ್ಮ ಕೈಯಿಟ್ಟು ಬಲವಂತವಾಗಿ ಕೆಲಸ ಮಾಡಿಸುವುದು, ಅತ್ತರೂ ಚೀರಿದರೂ ಹೇಳಿದ್ದು ಮುಗಿಯುವ ತನಕ ಏಳಗೊಡದಿರುವುದು, ಇವೆಲ್ಲ ಆಟಿಸಂನಂಥ ಬೆಳವಣಿಗೆಯ ತೊಡಕುಗಳಿರುವ ಮಕ್ಕಳಿಗೆ ನಡೆನುಡಿ ಕಲಿಸುವ ವರ್ತನಾ ಚಿಕಿತ್ಸೆಯಲ್ಲಿ ಬಹುಕಾಲ ನಡೆದುಬಂದ ಕ್ರಮಗಳು. ಅತ್ತು ತಪ್ಪಿಸಿಕೊಳ್ಳಲು ಬಿಟ್ಟರೆ ಅಳುವಿಗೇ ಪ್ರತಿಫಲ ಸಿಕ್ಕಂತಾಗುತ್ತದೆ ಎಂಬುದು ಅವುಗಳ ಹಿಂದಿನ ತರ್ಕ. ವೃತ್ತಿಯ ಆರಂಭದಲ್ಲಿ ನಾನೂ ಅದನ್ನೇ ನಂಬಿದ್ದೆ. ಹತ್ತು ಸೂಚನೆಗಳಲ್ಲಿ ಎಂಟನ್ನು ಪಾಲಿಸಿದರೆ ಗುರಿ ತಲುಪಿತೆಂದು ಬರೆದಿಡುತ್ತಿದ್ದೆ. ಮಗು ಏನು ಹೇಳುತ್ತಿತ್ತು ಎಂಬುದನ್ನು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಮಾತು ಬಾರದ ಮಗು ಮುಖ ತಿರುಗಿಸುವುದು, ವಸ್ತುವನ್ನು ದೂಡುವುದು, ಕುರ್ಚಿಯಿಂದ ಜಾರುವುದು ಅದರ ‘ಬೇಡ’. ಈ ಸಣ್ಣ ಸುಳಿವುಗಳನ್ನು ಕಡೆಗಣಿಸುತ್ತ ಹೋದರೆ ಅದಕ್ಕೆ ಉಳಿಯುವ ದಾರಿ ಕಚ್ಚುವುದು, ತಲೆ ಚಚ್ಚಿಕೊಳ್ಳುವುದು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ದೊಡ್ಡವರು ಮೈಮುಟ್ಟಿ ಏನು ಮಾಡಿಸಿದರೂ ಸುಮ್ಮನಿರಬೇಕೆಂದು ಕಲಿತ ಮಗು, ಕೆಟ್ಟ ಉದ್ದೇಶದಿಂದ ಮುಟ್ಟುವವರನ್ನು ಹೇಗೆ ತಡೆದೀತು?

ಪರ್ಯಾಯ ಹೊಸತೇನಲ್ಲ. 1985ರಲ್ಲಿ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠ ಕಷ್ಟವಾದಾಗ ಗಲಾಟೆ ಮಾಡುತ್ತಿದ್ದ ಮಕ್ಕಳಿಗೆ ‘ನನಗೆ ಅರ್ಥವಾಗಲಿಲ್ಲ’ ಎಂದು ಹೇಳಿ ಸಹಾಯ ಕೇಳಲು ಕಲಿಸಿದಾಗ ಗಲಾಟೆ ಇಳಿಯಿತು. ಗಲಾಟೆಯ ಕಾರಣಕ್ಕೆ ಹೊಂದದ ಮಾತನ್ನು ಕಲಿಸಿದಾಗ ಇಳಿಯಲಿಲ್ಲ. ಆದ್ದರಿಂದ ಮೊದಲ ಕೆಲಸ, ಮಗು ಏಕೆ ಒಲ್ಲೆನೆನ್ನುತ್ತಿದೆ ಎಂದು ತಿಳಿಯುವುದು. ಬಳಿಕ ‘ವಿರಾಮ ಬೇಕು’ ಎನ್ನಲು ಒಂದು ಪದವನ್ನೋ ಸನ್ನೆಯನ್ನೋ ಚಿತ್ರದ ಕಾರ್ಡನ್ನೋ ಕೊಟ್ಟು, ಅದನ್ನು ಬಳಸಿದಾಗಲೆಲ್ಲ ತಕ್ಷಣ ವಿರಾಮ ಕೊಡಬೇಕು, ಒಂದೇ ಪಾಠದಲ್ಲಿ ಇಪ್ಪತ್ತು ಸಲ ಕೇಳಿದರೂ. ಹೀಗಾದರೆ ಕಲಿಯುವುದು ಯಾವಾಗ ಎಂದು ಪೋಷಕರು ಆತಂಕಪಡುವುದು ಸಹಜ. ಆದರೆ ಕೇಳಿದರೆ ಸಿಗುತ್ತದೆಂಬ ನಂಬಿಕೆ ಕುದುರಿದ ಮೇಲೆಯೇ ‘ಇದೊಂದು ಮುಗಿಸಿ, ಆಮೇಲೆ ವಿರಾಮ’ ಎಂಬ ಮಾತನ್ನು ಮಗು ತಾಳಿಕೊಳ್ಳುತ್ತದೆ. ಆ ‘ಒಂದು’ ನಿಧಾನವಾಗಿ ಎರಡು, ಮೂರು ಆಗುತ್ತದೆ. ಜೊತೆಗೆ ಪಾಠವೂ ಬದಲಾಗಬೇಕು: ಕಷ್ಟದ ನಡುವೆ ಸುಲಭದ್ದು ಬೆರೆಯಲಿ, ಯಾವುದು ಮೊದಲು, ನೆಲದ ಮೇಲೋ ಮೇಜಿನ ಬಳಿಯೋ ಎಂಬುದನ್ನು ಮಗುವೇ ಆರಿಸಲಿ.

ಔಷಧಿ, ರಸ್ತೆ, ಬೆಂಕಿಯ ವಿಷಯದಲ್ಲಿ ‘ಬೇಡ’ಕ್ಕೆ ಮಣಿಯಲಾಗದು. ಅಲ್ಲಿ ‘ಮಾತ್ರೆ ನುಂಗುತ್ತೀಯಾ?’ ಎಂದು ಕೇಳಿ, ಇಲ್ಲವೆಂದಾಗ ಬಾಯಿಗೆ ತುರುಕುವುದು ಮೋಸ. ನುಂಗಲೇಬೇಕೆಂದು ಮೊದಲೇ ತಿಳಿಸಿ, ಯಾವ ಲೋಟ, ಯಾರ ಮಡಿಲು ಎಂಬ ಆಯ್ಕೆಯನ್ನಷ್ಟೇ ಬಿಡಬೇಕು. ಅವಸರವಿಲ್ಲದ ದಿನಗಳಲ್ಲಿ ಅದರ ಅಭ್ಯಾಸ ಮಾಡಿಸಬೇಕು.

ಈ ಚಿಕಿತ್ಸೆಯನ್ನು ರೂಪಿಸುವ ವರ್ತನಾ ವಿಶ್ಲೇಷಕರಿಗೆ ಅಮೆರಿಕದ ಪ್ರಮಾಣೀಕರಣ ಮಂಡಳಿ 2022ರಿಂದ ಜಾರಿಗೆ ತಂದ ನೀತಿಸಂಹಿತೆ, ಪೋಷಕರ ಒಪ್ಪಿಗೆಯ ಜೊತೆಗೆ, ಅನ್ವಯವಾಗುವ ಕಡೆ ಚಿಕಿತ್ಸೆ ಪಡೆಯುವವರ ಸಮ್ಮತಿಯನ್ನೂ ಹೆಸರಿಸುತ್ತದೆ. ಸಹಿ ಹಾಕುವ ಮೊದಲು ಪೋಷಕರು, ‘ಮಗು ಬೇಡವೆಂದಾಗ ನೀವೇನು ಮಾಡುತ್ತೀರಿ?’ ಎಂದು ಥೆರಪಿಸ್ಟ್‌ರನ್ನು ಕೇಳಲಿ, ಒಂದು ದಿನ ಒಳಗೆ ಕುಳಿತು ನೋಡಲಿ.