ದೇವರಿಲ್ಲದ ಮಾದರಿ, ಗುಡಿಯ ಲೆಕ್ಕ

ಇಂಡೋನೇಷ್ಯಾದ ಬಾಲಿಯಲ್ಲಿ ಭತ್ತದ ನಾಟಿಗೆ ಮುಹೂರ್ತ ಇಡುತ್ತಿದ್ದದ್ದು ಗುಡಿ. ಬೆಟ್ಟದ ಮೇಲಿನ ಬತೂರ್ ಸರೋವರದ ದೇವಿ ದಾನು ನೀರಿನ ಒಡತಿ ಎಂಬುದು ಅಲ್ಲಿನವರ ನಂಬಿಕೆ. ಕೆಳಗೆ ಕಾಲುವೆ, ಒಡ್ಡುಗಳಿಗೂ ಗುಡಿಗಳಿವೆ. ನೀರು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಕ್ ಅಂತ ಹೆಸರು. ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಎಂಬುದನ್ನು ಅಕ್ಕಪಕ್ಕದ ಸುಬಕ್‌ಗಳು ಗುಡಿಯಲ್ಲೇ ಕೂತು ತೀರ್ಮಾನಿಸುತ್ತಿದ್ದವು.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರ, ಔಷಧಿ ಕೊಟ್ಟ ಸರ್ಕಾರ, ಬಿಡುವಿಲ್ಲದೆ ಬೆಳೆ ತೆಗೆಯಿರಿ ಎಂದಿತು. ಗುಡಿಯ ಪಂಚಾಂಗ ಮೂಲೆಗೆ ಬಿತ್ತು. ಇಳುವರಿ ಮೊದಲು ಏರಿತು. ಆಮೇಲೆ ನೀರಿಗೆ ಜಗಳ, ಗದ್ದೆಗೆ ಕಂದು ಜಿಗಿಹುಳು. ಈ ಹುಳುವಿನ ಕಾಟ ಗಂಗಾವತಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಗುಡಿಗಳು ಮಾಡುತ್ತಿದ್ದ ಕೆಲಸವನ್ನು ಅಧಿಕಾರಿಗಳಿಗೆ ಮನವರಿಕೆ ಮಾಡಲು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಕಂಪ್ಯೂಟರ್ ಹಿಡಿದರು. ಜೊತೆಗಿದ್ದವರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್. ಓಸ್, ಪೆತಾನು ನದಿಗಳ 172 ಸುಬಕ್‌ಗಳು ಅವರ ಕಂಪ್ಯೂಟರ್ ಮಾದರಿಯೊಳಗೆ, ಅಂದರೆ ಲೆಕ್ಕದಲ್ಲಿ ಕಟ್ಟಿದ ನಕಲು ಬಾಲಿಯೊಳಗೆ ಬಂದವು. ಸಿಕ್ಕು ಇರುವುದು ಇಲ್ಲಿ: ಎಲ್ಲರೂ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಕೊಯ್ದರೆ ಹುಳಕ್ಕೆ ತಿನ್ನಲು ಏನೂ ಉಳಿಯದೆ ಸಾಯುತ್ತದೆ. ಆದರೆ ಎಲ್ಲರಿಗೂ ಒಂದೇ ವಾರ ನೀರು ಬೇಕಾಗುತ್ತದೆ. ಬೇರೆಬೇರೆ ಹೊತ್ತಿಗೆ ನಾಟಿ ಮಾಡಿದರೆ ನೀರು ಸಾಲುತ್ತದೆ, ಹುಳಕ್ಕೆ ಮಾತ್ರ ವರ್ಷವಿಡೀ ಹಬ್ಬ. ಮಾದರಿ ಓಡಿಸಿದಾಗ ಒಳ್ಳೆ ಇಳುವರಿ ಬಂದದ್ದು ನಡುವಿನ ದಾರಿಯಲ್ಲಿ, ಹೆಚ್ಚುಕಮ್ಮಿ ಗುಡಿಗಳು ಸುಬಕ್‌ಗಳನ್ನು ಕೂಡಿಸುತ್ತಿದ್ದ ಅಳತೆಯಲ್ಲೇ.

ಆಮೇಲಿನ ಪ್ರಯೋಗ ಇನ್ನೂ ಸೊಗಸು. ಪ್ರತಿ ಸುಬಕ್‌ಗೂ ಸುಮ್ನೆ ಒಂದು ಬೆಳೆ ಸರದಿ ಕೊಟ್ಟರು. ನಿಯಮ ಒಂದೇ: ವರ್ಷದ ಕೊನೆಗೆ ನೆರೆಯವರನ್ನು ನೋಡು, ಯಾರಿಗೆ ಜಾಸ್ತಿ ಬೆಳೆ ಬಂತೋ ಅವರ ಸರದಿ ಹಿಡಿ. ಮಾದರಿಯ ಸುಮಾರು ಹತ್ತು ವರ್ಷಗಳಲ್ಲಿ, ನಿಜವಾದ ಗುಡಿಗಳ ಜಾಲವನ್ನೇ ಹೋಲುವ ಗುಂಪುಗಳು ತಾವಾಗಿ ಮೂಡಿದವು. 1993ರಲ್ಲಿ ಪ್ರಕಟವಾದ ಈ ಫಲಿತಾಂಶ, ಧರ್ಮವನ್ನು ಹೊಂದಿಕೊಳ್ಳುತ್ತಾ ಬೆಳೆಯುವ ವ್ಯವಸ್ಥೆಯಾಗಿ ನೋಡುವವರಿಗೆ ದೊಡ್ಡ ಉದಾಹರಣೆಯಾಯಿತು.

ಆದರೆ ಈ ಮಾದರಿಯಲ್ಲಿ ದೇವಿಯಿಲ್ಲ, ಅರ್ಚಕರಿಲ್ಲ. ರಾಜರೂ ಇಲ್ಲ, ಬಾಲಿಯನ್ನು ಆಳಿದ ಡಚ್ಚರೂ ಇಲ್ಲ. ಹಾಗಾಗಿ ಅದು ತೋರಿಸುವುದು ಹೊಂದಾಣಿಕೆ ಹೇಗೆ ಹುಟ್ಟಬಹುದು ಎಂಬುದನ್ನಷ್ಟೇ. ಭಕ್ತಿ ಯಾಕೆ ಎಂಬುದನ್ನಲ್ಲ. ಇದನ್ನೇ ಧರ್ಮದ ಪೂರ್ತಿ ವಿವರಣೆ ಅಂದರೆ ನಾನಂತೂ ಒಪ್ಪಲ್ಲ.

ಇನ್ನೊಂದು ಪ್ರಶ್ನೆಯೂ ಇತ್ತು. ಮೇಲ್ಭಾಗದ ರೈತನಿಗೆ ನೀರು ಮೊದಲೇ ಸಿಗುತ್ತದೆ, ಅವನು ಯಾಕೆ ಮಾತು ಕೇಳಬೇಕು? ಲ್ಯಾನ್ಸಿಂಗ್ ತಂಡ ರೈತರನ್ನೇ ಕೇಳಿತು: ನೀರಿನ ಕೊರತೆ, ಹುಳು, ಎರಡರಲ್ಲಿ ಯಾವುದು ಕೆಟ್ಟದ್ದು? ಕೆಳಭಾಗದವರು ಹೆಚ್ಚಾಗಿ ನೀರು ಎಂದರು. ಮೇಲಿನವರು ಹೆಚ್ಚಾಗಿ ಹುಳು ಎಂದರು. ಕೆಳಗಿನವರಿಗೆ ನೀರು ಬಿಟ್ಟರೆ ಅವರೂ ಅದೇ ಹೊತ್ತಿಗೆ ಗದ್ದೆ ಖಾಲಿ ಬಿಡುತ್ತಾರೆ, ಮೇಲಿನವರ ಪೈರು ಹುಳುವಿನಿಂದ ಉಳಿಯುತ್ತದೆ.