ಸೈನ್ 30 ಅರ್ಧ ಅಂದ್ರೆ ಸೈನ್ 60 ಒಂದಲ್ವಾ ಸಾರ್?

ಅಲ್ಲಪ್ಪಾ, ಅಲ್ಲ. ಮಂಡ್ಯದಲ್ಲಿ ಟ್ಯೂಷನ್ ಶುರುಮಾಡಿದಾಗಿನಿಂದ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಕೋನ ಎರಡು ಪಟ್ಟಾದರೆ ಸೈನೂ ಎರಡು ಪಟ್ಟು ಅಂತ ಯಾರು ತಲೆಗೆ ತುಂಬಿದರೋ! ಕಬ್ಬಿನ ಲೆಕ್ಕದ ಅಭ್ಯಾಸ ಇರಬೇಕು. ಒಂದು ಟನ್ನಿಗೆ ಇಷ್ಟು, ಎರಡು ಟನ್ನಿಗೆ ಅದರ ಎರಡರಷ್ಟು. ಸೈನ್ ಆ ಜಾತಿಯದಲ್ಲ.

ಒಂದು ಏಣಿ ತನ್ನಿ. ನಮ್ಮ ಹಿತ್ತಿಲಲ್ಲಿರುವುದು 10 ಅಡಿಯದು. ಬುಡದ ಮೆಟ್ಟಿಲು ಮುರಿದಿದೆ, ಲೆಕ್ಕಕ್ಕೇನೂ ತೊಂದರೆ ಇಲ್ಲ. ನೆಲಕ್ಕೆ 30 ಡಿಗ್ರಿ ಬರುವ ಹಾಗೆ ಗೋಡೆಗೆ ಒರಗಿಸಿದರೆ ತುದಿ 5 ಅಡಿ ಎತ್ತರ ಮುಟ್ಟುತ್ತದೆ. ಆ ಎತ್ತರವನ್ನು ಏಣಿಯ ಉದ್ದದಿಂದ ಭಾಗಿಸಿ. ಅರ್ಧ ಬಂತಲ್ವಾ, ಅದೇ ಸೈನ್. 60ಕ್ಕೆ ಎತ್ತಿದರೆ ಸುಮಾರು 8.66 ಅಡಿ, ಅಂದರೆ 0.866. ನಿಮ್ಮ ಲೆಕ್ಕ ಹಿಡಿದರೆ 60ಕ್ಕೇ 10 ಅಡಿ ಮುಟ್ಟಬೇಕು, ಏಣಿ ಇನ್ನೂ ಓರೆಯಾಗಿರುವಾಗಲೇ! 90ಕ್ಕೆ 15 ಅಡಿ! 10 ಅಡಿ ಏಣಿ 15 ಅಡಿ ಮುಟ್ಟುವುದಾದರೆ ತೆಂಗಿನಕಾಯಿ ಕೀಳೋರಿಗೆ ಸುಮ್ನೆ ಕೂಲಿ ಯಾಕೆ ಕೊಡಬೇಕು?

ಮಲಗಿದ ಏಣಿಯನ್ನು ಚೂರು ಎತ್ತಿದರೂ ತುದಿ ಸರ್ರನೆ ಮೇಲೇಳುತ್ತದೆ. ನೆಟ್ಟಗಾಗುತ್ತಾ ಬಂದ ಹಾಗೆ ಎಷ್ಟು ತಳ್ಳಿದರೂ ಎತ್ತರ ಜಾಸ್ತಿ ಏರುವುದಿಲ್ಲ. ಆರ್ಯಭಟ ಇದನ್ನು ಒಂದೇ ಶ್ಲೋಕದಲ್ಲಿ ಹಿಡಿದಿಟ್ಟಿದ್ದಾನೆ. 'ಮಖಿ ಭಖಿ ಫಖಿ' ಅಂತ ಶುರುವಾಗುತ್ತದೆ. ಮಂತ್ರವಲ್ಲ, ಅಕ್ಷರದಲ್ಲಿ ಬರೆದ ಅಂಕಿ: 225, 224, 222. ಅವನ ಏಣಿಯ ಉದ್ದ 3438 ಅಂತ ಇಟ್ಟುಕೊಳ್ಳಿ. 90 ಡಿಗ್ರಿಯನ್ನು 24 ಭಾಗ ಮಾಡಿ, ಒಂದೊಂದು ಭಾಗಕ್ಕೂ ಎತ್ತರ ಎಷ್ಟು ಏರಿತು ಅನ್ನುವುದನ್ನಷ್ಟೇ ಕೊಡುತ್ತಾನೆ. ಕೊನೆಯದಕ್ಕೆ ಬರುವಷ್ಟರಲ್ಲಿ ಏರಿಕೆ ಬರೀ 7. ಮೊದಲ ಎಂಟನ್ನು, ಅಂದರೆ 30 ಡಿಗ್ರಿವರೆಗಿನದನ್ನು ಕೂಡಿ ನೋಡಿ: 1719. 3438ರಲ್ಲಿ ಸರಿಯಾಗಿ ಅರ್ಧ. ಮುಂದಿನ ಎಂಟಕ್ಕೆ 1259 ಅಷ್ಟೇ. ಬೋರ್ಡಿನ ಮೇಲೆ ಇದನ್ನು ಕೂಡಿದ ದಿನ ಹಿಂದಿನ ಬೆಂಚೂ ಗಪ್‌ಚುಪ್.

ಯಾರೂ ಕೇಳದ ಇನ್ನೊಂದು ಮಾತು. ಸೈನ್ 0.5 ಅಂತ ಕೊಟ್ಟು ಕೋನ ಕೇಳಿದರೆ ಕ್ಯಾಲ್ಕುಲೇಟರ್ 30 ಅಂದು ಸುಮ್ಮನಾಗುತ್ತದೆ. ಏಣಿಯ ಬುಡ ಅಲ್ಲೇ ಇರಲಿ, ತುದಿಯನ್ನು ಎದುರಿನ ಕೊಟ್ಟಿಗೆ ಕಡೆಗೆ ವಾಲಿಸಿ. ಮೊದಲಿನ ಕಡೆಯಿಂದಲೇ ಅಳೆದರೆ 150 ಡಿಗ್ರಿ. ಎತ್ತರ? ಅದೇ 5 ಅಡಿ. ಎಸ್ಸೆಸ್ಸೆಲ್ಸಿಯವರು ಗಾಬರಿ ಬೀಳಬೇಡಿ, ನಿಮ್ಮ ಪಾಠ 90 ದಾಟುವುದಿಲ್ಲ. ಕೊಟ್ಟಿಗೆ ಕಡೆಯದು ಪಿಯುಸಿಗೆ.